ಹಳೆಯ ರೇಡಿಯೊ ಡಿಟೆಕ್ಟರ್‌ಗಳ ಹೋಲಿಕೆ: ಶ್ರವ್ಯತೆಯ ಅಂಕವನ್ನು ಓದುವ ಬಗೆ

ರೇಡಿಯೊ ಸಂಕೇತ ಬಂದುದನ್ನು ಗುರುತಿಸುವ ಸಾಧನವೇ ಡಿಟೆಕ್ಟರ್. ಹೋಲಿಕೆಯನ್ನು ಆರಂಭಿಸುವ ಮೊದಲು ಕೊಹೆರರ್ ಎಂಬ ಡಿಟೆಕ್ಟರನ್ನು ಬೇರೆ ಇಡಬೇಕು. ಫ್ರೆಂಚ್ ವಿಜ್ಞಾನಿ ಬ್ರಾನ್ಲಿ 1890ರಲ್ಲಿ ಪರೀಕ್ಷಿಸಿದ, ಲೋಹದ ಪುಡಿ ತುಂಬಿದ ಆ ಗಾಜಿನ ನಳಿಗೆಯ ರೋಧವು, ಸಂಕೇತದ ವೋಲ್ಟೇಜು ಒಂದು ಮಿತಿಯನ್ನು ದಾಟಿದೊಡನೆ ಹಠಾತ್ತನೆ ಕುಸಿಯುತ್ತದೆ ಮತ್ತು ನಳಿಗೆಯನ್ನು ತಟ್ಟುವವರೆಗೆ ಹಾಗೆಯೇ ಉಳಿಯುತ್ತದೆ. ಅದು ಸಂಕೇತ ಬಂದಿತೆಂದು ಹೇಳಬಲ್ಲದೇ ಹೊರತು ಎಷ್ಟು ಬಂದಿತೆಂದು ಹೇಳಲಾರದು. ಮಾರ್ಕೋನಿಯ ಕಾಂತೀಯ ಡಿಟೆಕ್ಟರ್ (1902), ಫೆಸೆಂಡೆನ್‌ನ ಆಮ್ಲದ ಡಿಟೆಕ್ಟರ್, ಜಗದೀಶಚಂದ್ರ ಬೋಸರು 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಗೆಲೀನಾ ಹರಳು ಇವೆಲ್ಲ ಹೆಡ್‌ಫೋನಿನಲ್ಲಿ ಕೇಳಿಸುವ ಬಗೆಯವು; ಆದ್ದರಿಂದ ಇವುಗಳನ್ನು ಸದ್ದಿನ ಮೂಲಕ ಅಳೆಯಬಹುದು.

ಅಳೆಯುವ ಕ್ರಮ ಸರಳವಾಗಿದೆ. ಹೆಡ್‌ಫೋನಿಗೆ ಸಮಾಂತರವಾಗಿ ಒಂದು ರೋಧಕವನ್ನು, ಅಂದರೆ ಷಂಟನ್ನು, ಜೋಡಿಸಿ, ಸದ್ದು ಇನ್ನೇನು ಅಡಗಿತು ಎನ್ನುವ ಹಂತದವರೆಗೆ ಅದರ ಬೆಲೆಯನ್ನು ಇಳಿಸಬೇಕು. ಹೆಡ್‌ಫೋನಿನ ರೋಧ t, ಷಂಟಿನ ರೋಧ s ಆದರೆ ಶ್ರವ್ಯತೆ, ಅಂದರೆ ಸದ್ದು ಎಷ್ಟು ಬಲವಾಗಿದೆ ಎಂಬುದರ ಅಂಕ, (s + t) ÷ s. ಹೆಡ್‌ಫೋನು 2400 ಓಮ್ ಎಂದಿಟ್ಟುಕೊಳ್ಳೋಣ. ಅದೇ ಸಂಕೇತಕ್ಕೆ ಒಂದು ಹರಳು 160 ಓಮ್ ಷಂಟಿನವರೆಗೂ ಕೇಳಿಸಿದರೆ ಅದರ ಶ್ರವ್ಯತೆ 16. ಇನ್ನೊಂದು 800 ಓಮಿನಲ್ಲೇ ಅಡಗಿದರೆ ಅದರದು 4.

ನಾನು ಎಡವಿದ್ದು ಇಲ್ಲಿಯೇ. ಮೊದಲನೆಯ ಹರಳು ನಾಲ್ಕು ಪಟ್ಟು ದುರ್ಬಲ ವೋಲ್ಟೇಜನ್ನು ಹಿಡಿಯುತ್ತದೆ ಎಂದು ಬರೆದುಕೊಂಡಿದ್ದೆ, ಅದು ತಪ್ಪು. ದುರ್ಬಲ ಸಂಕೇತಗಳಿಗೆ ಹರಳಿನಿಂದ ಹೊರಬರುವ ಪ್ರವಾಹವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ವೋಲ್ಟೇಜು ಅರ್ಧವಾದರೆ ಪ್ರವಾಹ ಕಾಲುಭಾಗವಾಗುತ್ತದೆ. ಶ್ರವ್ಯತೆ 16 ಎಂದರೆ ಕೇಳಿಸಲು ಬೇಕಾದ ಕನಿಷ್ಠ ಪ್ರವಾಹದ 16 ಪಟ್ಟು ನಮ್ಮ ಬಳಿ ಇದೆ ಎಂದರ್ಥ. ಅದನ್ನು 1ಕ್ಕೆ ಇಳಿಸಲು ವೋಲ್ಟೇಜನ್ನು 16ರಿಂದಲ್ಲ, 16ರ ವರ್ಗಮೂಲವಾದ 4ರಿಂದ ಭಾಗಿಸಿದರೆ ಸಾಕು. ಎರಡನೆಯ ಹರಳಿಗೆ 4ರ ವರ್ಗಮೂಲ, ಅಂದರೆ 2. ಹೀಗಾಗಿ ಕನಿಷ್ಠ ವೋಲ್ಟೇಜಿನ ಲೆಕ್ಕದಲ್ಲಿ ಇವೆರಡರ ನಡುವಿನ ಅಂತರ ನಾಲ್ಕು ಪಟ್ಟಲ್ಲ, ಎರಡೇ ಪಟ್ಟು. ಶಕ್ತಿಯ ಲೆಕ್ಕದಲ್ಲಿ ಮಾತ್ರ ನಾಲ್ಕು ಪಟ್ಟು. ವಿಕಿರಣ ಕ್ಷೇತ್ರವು ದೂರಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ದಾರಿಯಲ್ಲಿನ ಹೀರಿಕೆಯನ್ನು ಬಿಟ್ಟು ನೋಡಿದರೂ, ಮೊದಲ ಹರಳಿನ ವ್ಯಾಪ್ತಿ ಹೆಚ್ಚುವುದು ಎರಡು ಪಟ್ಟಷ್ಟೇ. ಅಂಕಗಳನ್ನು ಕಂಡೊಡನೆ ಮೊದಲು ವರ್ಗಮೂಲ ತೆಗೆಯುವುದನ್ನು ನಾನು ಈಗ ರೂಢಿ ಮಾಡಿಕೊಂಡಿದ್ದೇನೆ.

ಇನ್ನೊಂದು ಎಚ್ಚರಿಕೆ ಇದೆ. ಷಂಟ್ ಇಳಿದಂತೆ ಮಂಡಲದ ಒಟ್ಟು ರೋಧವೂ ಇಳಿದು, ಡಿಟೆಕ್ಟರಿನಿಂದ ಬರುವ ಪ್ರವಾಹವೇ ಬದಲಾಗಬಹುದು. ಸೂತ್ರವಾದರೋ ಅದು ಸ್ಥಿರವೆಂದು ನಂಬಿಕೊಂಡಿದೆ. ಮೇಲಿನ ಉದಾಹರಣೆಯಲ್ಲಿ 2400 ಮತ್ತು 160 ಸಮಾಂತರವಾಗಿ ಸೇರಿ 150 ಓಮ್ ಆಗುತ್ತವೆ; ಸರಣಿಯಲ್ಲಿ 2250 ಓಮ್ ಸೇರಿಸಿದರೆ ಒಟ್ಟು ಮತ್ತೆ 2400ಕ್ಕೆ ಬರುತ್ತದೆ.

ಸಂವೇದನಾಶೀಲತೆಯೊಂದೇ ಆಯ್ಕೆಯನ್ನು ನಿರ್ಧರಿಸಲಿಲ್ಲ. ಹರಳಿನ ಮೇಲಿನ ಸೂಜಿಮೊನೆ ಹಡಗಿನ ಅದುರಿಗೆ ಜಾರುತ್ತಿತ್ತು, ಆದರೆ ಕಾಂತೀಯ ಡಿಟೆಕ್ಟರ್ ಗಡಿಯಾರದ ಯಂತ್ರದಂತೆ ಸುತ್ತುತ್ತ ಸ್ಥಿರವಾಗಿ ಕೆಲಸ ಮಾಡುತ್ತಿತ್ತು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿಯೂ ಅದೇ ಇತ್ತು.

ಡಿ ಫಾರೆಸ್ಟ್‌ನ ಆಡಿಯಾನ್ ಕವಾಟವನ್ನು, ಅಂದರೆ ಎಲೆಕ್ಟ್ರಾನ್ ನಳಿಗೆಯನ್ನು, ಆಂದೋಲನಗೊಳಿಸಿ, ಅದರ ಸ್ವಂತ ಅಲೆಯನ್ನು ಸಂಕೇತದೊಡನೆ ಬೆರೆಸಿ ಕೇಳುವಾಗ ಮಾತ್ರ ಈ ವರ್ಗಮೂಲ ತೆಗೆಯಬಾರದು. ಅಲ್ಲಿ ಸದ್ದಿನ ಪ್ರವಾಹವು ಸಂಕೇತದ ವೋಲ್ಟೇಜಿಗೆ ನೇರ ಅನುಪಾತದಲ್ಲಿರುವುದರಿಂದ, ಶ್ರವ್ಯತೆ 16 ಎಂದರೆ ವೋಲ್ಟೇಜಿನಲ್ಲಿಯೂ 16 ಪಟ್ಟೇ.