ಹೊಸ ಸೆಲ್ ಹಾಕಿದರೂ ಕ್ಯಾಮೆರಾ ಬೇಗ ಆರಿಹೋಗುವುದೇಕೆ?

ಪ್ರಶ್ನೆ: ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಎರಡು ಎಎ ಸೆಲ್‌ಗಳು ಬೇಕು. ಹೊಸ ಆಲ್ಕಲೈನ್ ಸೆಲ್ ಹಾಕಿದರೂ ಮೂವತ್ತು ನಲವತ್ತು ಚಿತ್ರ ತೆಗೆಯುವಷ್ಟರಲ್ಲಿ ಬ್ಯಾಟರಿ ಖಾಲಿ ಎಂದು ತೋರಿಸಿ ಆರಿಹೋಗುತ್ತದೆ. ದೋಷ ಕ್ಯಾಮೆರಾದಲ್ಲಿದೆಯೇ? ಯಾವ ಸೆಲ್ ಕೊಳ್ಳುವುದು ಒಳ್ಳೆಯದು?

ಉತ್ತರ: ಕ್ಯಾಮೆರಾವನ್ನು ದುರಸ್ತಿಗೆ ಕೊಡುವ ಮೊದಲು, ಅದು ಖಾಲಿ ಎಂದು ತಳ್ಳಿಹಾಕಿದ ಸೆಲ್ಲನ್ನೇ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ ನೋಡಿ. ಮುಳ್ಳುಗಳು ಎಂದಿನಂತೆ ಓಡುತ್ತವೆ, ಎಷ್ಟೋ ಸಲ ತಿಂಗಳುಗಟ್ಟಲೆ ಓಡುತ್ತಲೇ ಇರುತ್ತವೆ. ಸೆಲ್ಲಿನಲ್ಲಿ ಶಕ್ತಿ ಉಳಿದೇ ಇತ್ತು. ಕ್ಯಾಮೆರಾ ಕೇಳಿದ ರಭಸದಲ್ಲಿ ಅದನ್ನು ಒದಗಿಸಲು ಸೆಲ್ಲಿಗೆ ಸಾಧ್ಯವಾಗಲಿಲ್ಲ.

ಗಡಿಯಾರಕ್ಕೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಕ್ಯಾಮೆರಾ ಹಾಗಲ್ಲ: ಲೆನ್ಸ್ ಹೊರಚಾಚುವಾಗ, ಪರದೆ ಬೆಳಗುತ್ತಿರುವಾಗ, ಅದಕ್ಕಿಂತ ಹೆಚ್ಚಾಗಿ ಫ್ಲ್ಯಾಶಿಗೆಂದು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ತುಂಬಿಕೊಳ್ಳುವಾಗ, ಅದು ಒಂದು ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಎಳೆಯಬಲ್ಲದು. ಪ್ರತಿಯೊಂದು ಸೆಲ್ಲಿಗೂ ಆಂತರಿಕ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಸೆಲ್ಲೇ ಒಡ್ಡುವ ಅಡ್ಡಿ, ಎಂಬುದೊಂದಿದೆ. ಸ್ವಲ್ಪ ಬಳಕೆಯಾದ ಆಲ್ಕಲೈನ್ ಸೆಲ್ಲಿನಲ್ಲಿ ಅದು 0.3 ಓಮ್ ಇದೆ ಎಂದುಕೊಂಡರೆ, ಒಂದು ಆಂಪಿಯರ್ ಎಳೆದಾಗ 0.3 ವೋಲ್ಟ್ ಸೆಲ್ಲಿನೊಳಗೇ ಬಿಸಿಯಾಗಿ ಕಳೆದುಹೋಗುತ್ತದೆ, 1.3 ವೋಲ್ಟ್ ಇದ್ದದ್ದು ಕ್ಯಾಮೆರಾದ ಪಾಲಿಗೆ 1.0 ಆಗುತ್ತದೆ, ಕ್ಯಾಮೆರಾ ಅದನ್ನು ಖಾಲಿ ಸೆಲ್ ಎಂದೇ ತಿಳಿಯುತ್ತದೆ.

ಆದ್ದರಿಂದ ನಿಮಗೆ ಬೇಕಾಗಿರುವುದು ಮರುಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಅದರ ಮೇಲೆ 1.2 ವೋಲ್ಟ್ ಎಂದು ಬರೆದಿರುವುದನ್ನು ಕಂಡು, 1.5 ವೋಲ್ಟಿನ ಆಲ್ಕಲೈನ್‌ಗಿಂತ ದುರ್ಬಲವೆಂದು ಹಿಂಜರಿಯುವವರು ಬಹಳ ಮಂದಿ. ಆದರೆ ಅದರ ಆಂತರಿಕ ರೋಧ ಆಲ್ಕಲೈನ್‌ನದಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಭಾರ ಬಿದ್ದಾಗಲೂ ಅದು ಬಹುಮಟ್ಟಿಗೆ ಕೊನೆಯವರೆಗೆ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಲ್ಕಲೈನ್‌ನ 1.5 ಮೊದಲ ಕೆಲವು ನಿಮಿಷಗಳ ವೈಭವ ಮಾತ್ರ.

ಇದರಲ್ಲೂ ಆಯ್ಕೆಯಿದೆ. ಹಳೆಯ ಬಗೆಯವು ಡಬ್ಬಿಯಲ್ಲಿ ಸುಮ್ಮನೆ ಕುಳಿತಿದ್ದರೂ ಅವುಗಳ ಚಾರ್ಜ್ ಕೆಲವು ವಾರಗಳಲ್ಲಿ ಗಣನೀಯವಾಗಿ ಸೋರಿಹೋಗುತ್ತಿತ್ತು. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ತಂದ ಬಗೆ ಈ ಸೋರಿಕೆಯನ್ನು ಬಹಳವಾಗಿ ತಗ್ಗಿಸಿತು. ಇಂದು ಹಲವು ಕಂಪನಿಗಳು ಅಂಥವನ್ನು ಮಾಡುತ್ತವೆ. 2,700 ಎಂಎಎಚ್ (ಸೆಲ್ ಹಿಡಿಯಬಲ್ಲ ಒಟ್ಟು ಚಾರ್ಜಿನ ಅಳತೆ) ಎಂಬ ದೊಡ್ಡ ಅಂಕಿಗೆ ಮರುಳಾಗುವುದಕ್ಕಿಂತ, ಚಾರ್ಜ್ ಹಿಡಿದಿಟ್ಟುಕೊಳ್ಳುವ 2,000 ಎಂಎಎಚ್ ಸೆಲ್ ಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಜೊತೆಗೆ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸಿ ತುಂಬಿದೊಡನೆ ನಿಲ್ಲಿಸುವ ಚಾರ್ಜರ್ ಇರಲಿ. ಅಗ್ಗದ ಚಾರ್ಜರ್ ಒಳ್ಳೆಯ ಸೆಲ್ಲನ್ನೂ ಕೆಡಿಸುತ್ತದೆ.

ಕ್ಯಾಮೆರಾವನ್ನು ಅಪರೂಪಕ್ಕೆ ಹೊರತೆಗೆಯುವವರಿಗೆ, ಹಿಮ ಬೀಳುವ ಕಡೆ ಹೋಗುವವರಿಗೆ, 1.5 ವೋಲ್ಟಿನ ಬಿಸಾಡುವ ಲಿಥಿಯಂ ಎಎ ಸೆಲ್ ಸೂಕ್ತ. ಅದು ಹಗುರ, ಚಳಿಗೆ ಬಗ್ಗುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಆದರೆ ಗಾತ್ರದಲ್ಲಿ ಇದನ್ನೇ ಹೋಲುವ 14500 ಎಂಬ 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್ಲನ್ನು ದಯವಿಟ್ಟು ಹಾಕಬೇಡಿ. ಎರಡು ಸೆಲ್ ಸೇರಿ ಏಳು ವೋಲ್ಟ್ ದಾಟಿ, ಮೂರು ವೋಲ್ಟಿಗೆಂದು ಮಾಡಿದ ಕ್ಯಾಮೆರಾ ಸುಟ್ಟುಹೋಗಬಹುದು.

ಹೊಸದರೊಂದಿಗೆ ಹಳೆಯದನ್ನು ಬೆರೆಸಬಾರದು. ದುರ್ಬಲ ಸೆಲ್ ಮೊದಲು ಬರಿದಾಗಿ, ಇನ್ನೊಂದರ ಒತ್ತಡಕ್ಕೆ ತಿರುಗುಮುರುಗಾಗಿ ಚಾರ್ಜ್ ಆಗಿ ಹಾಳಾಗುತ್ತದೆ. ಮೆನುವಿನಲ್ಲಿ ಬ್ಯಾಟರಿಯ ಬಗೆ ಆರಿಸುವ ಅವಕಾಶವಿದ್ದರೆ ಸರಿಯಾದದ್ದನ್ನು ಆರಿಸಿ, ಇಲ್ಲದಿದ್ದರೆ ಕ್ಯಾಮೆರಾ ತುಂಬಿದ ಸೆಲ್ಲನ್ನೂ ಖಾಲಿ ಎಂದು ಎಣಿಸಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕ್ಯಾಮೆರಾ ಬೇಗನೆ ಆರಿದರೆ, ಸೆಲ್ ಕೂರುವ ಲೋಹದ ತಗಡುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಲ್ಲಿ ಕೂತ ತೆಳುವಾದ ಕಿಲುಬೂ ರೋಧವನ್ನು ಹೆಚ್ಚಿಸುತ್ತದೆ. ಆಗಲೂ ಸರಿಹೋಗದಿದ್ದರೆ ಮಾತ್ರ ದೋಷ ಕ್ಯಾಮೆರಾದಲ್ಲಿದೆ ಎಂದು ಅನುಮಾನಿಸಬಹುದು.