ಆರೋಪಿಗಿಂತ ಮೊದಲು ನಮ್ಮ ಲಾಕಪ್ಪಿನ ವಿಚಾರಣೆ

ಅಪರಾಧ ಎಸಗಿ ತನ್ನ ದೇಶ ಸೇರಿಕೊಂಡ ವಿದೇಶಿಯನ್ನು ಎಳೆದು ತರೋಕೆ ಯಾಕಾಗಲ್ಲ ಎಂದು ಕಕ್ಷಿದಾರರು ಕೇಳುತ್ತಲೇ ಇರುತ್ತಾರೆ. ‘ಆ ದೇಶ ಒಪ್ಪಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಪುರುಲಿಯಾ ಪ್ರಕರಣದಲ್ಲಿ ಆ ದೇಶ ಒಪ್ಪಿತ್ತು.

1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಹಳ್ಳಿಗಳ ಮೇಲೆ ಆಂಟೊನೊವ್ ವಿಮಾನವೊಂದು ಎಕೆ-47 ರೈಫಲ್, ಮದ್ದುಗುಂಡುಗಳನ್ನು ಸುರಿದು ಹೋಯಿತು. ಕೆಲವೇ ದಿನಗಳಲ್ಲಿ ಅದೇ ವಿಮಾನವನ್ನು ಮುಂಬೈಯಲ್ಲಿ ಬಲವಂತವಾಗಿ ಇಳಿಸಲಾಯಿತು. ಬ್ರಿಟನ್ನಿನ ಪೀಟರ್ ಬ್ಲೀಚ್ ಮತ್ತು ವಿಮಾನದ ಐವರು ಸಿಬ್ಬಂದಿ ಸಿಕ್ಕಿಬಿದ್ದರು. ಮುಖ್ಯ ಆರೋಪಿ, ಡೆನ್ಮಾರ್ಕಿನ ನೀಲ್ಸ್ ಹೋಲ್ಕ್ ಅಲಿಯಾಸ್ ಕಿಮ್ ಡೇವಿ, ವಿಮಾನ ನಿಲ್ದಾಣದಿಂದಲೇ ಪರಾರಿಯಾದ. ಸಿಕ್ಕವರಿಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. 2004ರ ಹೊತ್ತಿಗೆ ಅವರೂ ಬಿಡುಗಡೆಯಾಗಿ ಹೋದರು.

2010ರಲ್ಲಿ ಡೆನ್ಮಾರ್ಕ್ ಸರ್ಕಾರ ಷರತ್ತುಗಳ ಮೇಲೆ ಡೇವಿಯನ್ನು ಹಸ್ತಾಂತರಿಸಲು ತೀರ್ಮಾನಿಸಿತು. ತಡೆದದ್ದು ಅಲ್ಲಿನ ನ್ಯಾಯಾಲಯ. ಅದೇ ವರ್ಷ ಹಿಲ್ಲರೋಡ್ ನ್ಯಾಯಾಲಯ ಬೇಡವೆಂದಿತು, 2011ರ ಜೂನ್‌ನಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಭಾರತ ಮತ್ತೆ ಕೋರಿದಾಗ 2024ರ ಆಗಸ್ಟ್‌ನಲ್ಲೂ ಅದೇ ಉತ್ತರ. ಆತ ನಿರಪರಾಧಿ ಎಂದು ಯಾರೂ ಹೇಳಲಿಲ್ಲ. ಭಾರತದಲ್ಲಿ ಚಿತ್ರಹಿಂಸೆಯ ಅಪಾಯವಿದೆ, ಕೊಟ್ಟ ಭರವಸೆ ಸಾಲದು ಎಂದವು ಆ ನ್ಯಾಯಾಲಯಗಳು.

ಹಸ್ತಾಂತರದ ಪ್ರಕರಣಗಳು ಎಷ್ಟೋ ಸಲ ತಿರುಗುವುದು ಇಲ್ಲೇ. ನಮ್ಮವರೇ ಆದ ವಿಜಯ್ ಮಲ್ಯ ಪ್ರಕರಣ ನೆನಪಿಸಿಕೊಳ್ಳಿ. 2018ರಲ್ಲಿ ಲಂಡನ್ನಿನ ನ್ಯಾಯಾಧೀಶರು, ಅವರನ್ನು ಇಡಲಿದ್ದ ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ಕೇಳಿದರು. ನಡು ಹಗಲಿನಲ್ಲೇ ಚಿತ್ರೀಕರಿಸಬೇಕು, ಕಿಟಕಿಯಿಂದ ಸಹಜ ಬೆಳಕು ಒಳಬರುವುದು ಕಾಣಬೇಕು! ಅನೇಕರಿಗೆ ಇದು ಅವಮಾನ ಎನಿಸಿತು. ನನಗೆ ಹಾಗನಿಸಲಿಲ್ಲ. ಆರೋಪಿಯನ್ನು ಒಪ್ಪಿಸುವ ಮುನ್ನ ಅವನನ್ನು ಎಲ್ಲಿ ಇಡುತ್ತೀರಿ ಎಂದು ಕೇಳುವುದು ನ್ಯಾಯಾಲಯದ ಕರ್ತವ್ಯ.

ಗಲ್ಲು ಶಿಕ್ಷೆಯ ತಕರಾರಿಗೆ ನಮ್ಮ ಕಾನೂನಿನಲ್ಲೇ ಪರಿಹಾರವಿದೆ. ಆರೋಪಿಯನ್ನು ಒಪ್ಪಿಸುವ ದೇಶದಲ್ಲಿ ಆ ಅಪರಾಧಕ್ಕೆ ಗಲ್ಲು ಇಲ್ಲದಿದ್ದರೆ ಇಲ್ಲಿಯೂ ಜೀವಾವಧಿಯೇ ಎನ್ನುತ್ತದೆ ಹಸ್ತಾಂತರ ಕಾಯ್ದೆಯ 34ಸಿ ಕಲಂ. ಲಾಕಪ್ಪಿನ ಹೊಡೆತಕ್ಕೆ ಮಾತ್ರ ಇಂಥ ಉತ್ತರ ನಮ್ಮಲ್ಲಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ಭಾರತ ಅದನ್ನು ಅನುಮೋದಿಸಿಲ್ಲ. ಅನುಮೋದಿಸಿ ಎಂದು 2017ರಲ್ಲಿ ಕಾನೂನು ಆಯೋಗವೇ ತನ್ನ 273ನೇ ವರದಿಯಲ್ಲಿ ಶಿಫಾರಸು ಮಾಡಿ, ಮಸೂದೆಯ ಕರಡನ್ನೂ ಕೊಟ್ಟಿತು. ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವುದು ಈ ಲೋಪವನ್ನೇ. ನಮ್ಮ ಠಾಣೆಗಳಲ್ಲಿ ಏಟು ತಿನ್ನುವ ಬಡವನಿಗೂ ಪುರುಲಿಯಾದ ನ್ಯಾಯಕ್ಕೂ ಸಂಬಂಧವಿಲ್ಲ ಎಂದುಕೊಂಡವರು ಆ ಡ್ಯಾನಿಷ್ ತೀರ್ಪುಗಳನ್ನು ಗಮನಿಸಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂ, ಘೋಷಿತ ಅಪರಾಧಿಯ (ತಲೆಮರೆಸಿಕೊಂಡಿದ್ದಾನೆ ಎಂದು ನ್ಯಾಯಾಲಯ ಘೋಷಿಸಿದ ಆರೋಪಿಯ) ಗೈರಿನಲ್ಲೂ ವಿಚಾರಣೆ ನಡೆಸಿ ತೀರ್ಪು ಕೊಡಲು ಅವಕಾಶ ಕೊಟ್ಟಿದೆ. ಸಾಕ್ಷಿಗಳು ಬದುಕಿರುವಾಗಲೇ ಹೇಳಿಕೆ ದಾಖಲಾಗುತ್ತದೆ, ಅಷ್ಟು ಒಳ್ಳೆಯದೇ. ಆದರೆ ಶಿಕ್ಷೆ ಜಾರಿಯಾಗಬೇಕಾದರೆ ಮತ್ತೆ ಅದೇ ವಿದೇಶಿ ನ್ಯಾಯಾಲಯದ ಬಾಗಿಲಿಗೇ ಹೋಗಬೇಕು. ಗೈರಿನಲ್ಲಾದ ತೀರ್ಪೆಂದರೆ ಅಲ್ಲಿನ ಪರಿಶೀಲನೆ ಇನ್ನೂ ಬಿಗಿಯಾಗಿರುತ್ತದೆ.