ಬ್ರೇಕಿಲ್ಲದ ಬೈಕಿನ ಪೀಟರ್ ಕ್ರೇವನ್

ಬೈಕ್ ಸ್ಕಿಡ್ ಆದರೆ ನಮ್ಮ ಎದೆ ಧಸಕ್ ಎನ್ನುತ್ತದೆ. ಪೀಟರ್ ಕ್ರೇವನ್‌ಗೆ ಸ್ಕಿಡ್ ಆಗದಿದ್ದರೇ ಕಷ್ಟ.

1934ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಈತ ಸ್ಪೀಡ್‌ವೇ ಸವಾರ. ಸ್ಪೀಡ್‌ವೇ ಅಂದರೆ ಅಂಡಾಕಾರದ ಟ್ರ್ಯಾಕಿನ ಮೇಲೆ ನಡೆಯುವ ಬೈಕ್ ರೇಸ್. ಆಟದ ನಿಯಮ ಬಹಳ ಸರಳ. ಒಂದು ರೇಸಿಗೆ ನಾಲ್ಕೇ ಜನ, ನಾಲ್ಕೇ ಸುತ್ತು, ಬರೀ ಎಡಕ್ಕೆ ತಿರುಗುವುದು. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದಿರುತ್ತದೆ. ಗೆದ್ದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಬೈಕೂ ಸರಳವೇ: 500 ಸಿಸಿ, ಒಂದು ಸಿಲಿಂಡರ್, ಒಂದೇ ಗೇರ್. ಬ್ರೇಕ್ ಇಲ್ಲವೇ ಇಲ್ಲ. ಮುಂದಿನವನು ಗಕ್ಕನೆ ನಿಂತರೆ ಹಿಂದಿನವನು ಹೋಗಿ ಗುದ್ದುತ್ತಾನಲ್ವಾ, ಅದಕ್ಕೇ ಯಾರಿಗೂ ಬ್ರೇಕ್ ಬೇಡ ಎನ್ನುವುದು ಇಲ್ಲಿನ ತರ್ಕ.

ಹಾಗಾದರೆ ತಿರುಗುವುದು ಹೇಗೆ? ಒಂದು ಲೆಕ್ಕ ಹಾಕೋಣ. ತಿರುವಿನ ತ್ರಿಜ್ಯ 28 ಮೀಟರ್, ವೇಗ ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ಎಂದಿಟ್ಟುಕೊಳ್ಳಿ. 15ರ ವರ್ಗವನ್ನು 28ರಿಂದ ಭಾಗಿಸಿದರೆ ಸುಮಾರು 8. ಭೂಮಿಯ ಸೆಳೆತದ ಲೆಕ್ಕ 9.8. ಹೆಚ್ಚುಕಡಿಮೆ ಬೈಕು ಮತ್ತು ಸವಾರನ ಒಟ್ಟು ತೂಕದ ಐದರಲ್ಲಿ ನಾಲ್ಕು ಪಾಲಿನಷ್ಟು ಬಲ ಅವರನ್ನು ಒಳಕ್ಕೆ ತಳ್ಳುತ್ತಿರಬೇಕು. ಡಾಂಬರು ರಸ್ತೆಯಲ್ಲಾದರೆ ಟೈರಿನ ಹಿಡಿತವೇ ಆ ಕೆಲಸ ಮಾಡುತ್ತದೆ. ಆದರೆ ಸ್ಪೀಡ್‌ವೇ ಟ್ರ್ಯಾಕಿನ ಮೇಲೆ ಇರುವುದು ಸಡಿಲವಾದ ಪುಡಿಗಲ್ಲು. ಅಲ್ಲಿ ಸುಮ್ನೆ ಹ್ಯಾಂಡಲ್ ತಿರುಗಿಸಿದರೆ ಮುಂದಿನ ಚಕ್ರ ಜಾರಿ ಮನುಷ್ಯ ನೆಲಕ್ಕೆ.

ಅದಕ್ಕೆ ಸವಾರ ಬೈಕನ್ನೇ ಅಡ್ಡ ಹಾಕುತ್ತಾನೆ. ತಿರುವು ಬಂದ ಕೂಡಲೇ ಹಿಂದಿನ ಚಕ್ರ ಹೊರಕ್ಕೆ ಜಾರಿ, ಬೈಕಿನ ಮೂತಿ ಮೈದಾನದ ಒಳಕ್ಕೆ ತಿರುಗುತ್ತದೆ. ಓಡುತ್ತಿರುವ ದಿಕ್ಕೇ ಬೇರೆ, ಮೂತಿಯ ದಿಕ್ಕೇ ಬೇರೆ. ಈಗ ಆಕ್ಸಿಲರೇಟರ್ ತಿರುವಿದರೆ ಹಿಂದಿನ ಚಕ್ರ ಗಿರ್ರನೆ ಸುತ್ತುತ್ತಾ ಪುಡಿಗಲ್ಲನ್ನು ಹಿಂದಕ್ಕೂ ಹೊರಕ್ಕೂ ಎರಚುತ್ತದೆ. ನ್ಯೂಟನ್ ಹೇಳಿದಂತೆ, ಎರಚಿದ ಕಲ್ಲು ಬೈಕನ್ನು ಮುಂದಕ್ಕೂ ಒಳಕ್ಕೂ ತಳ್ಳುತ್ತದೆ. ಎಂಜಿನ್ನೇ ಬೈಕನ್ನು ಒಳಕ್ಕೆ ತಿರುಗಿಸಿದಂತಾಯಿತು. ಎಡ ತಿರುವಿನಲ್ಲಿ ಮುಂದಿನ ಚಕ್ರ ಮಾತ್ರ ಬಲಕ್ಕೆ ಮುಖ ಮಾಡಿರುತ್ತದೆ. ಮೊದಲ ಸಲ ನೋಡುವವರಿಗೆ ಇದು ವಿಚಿತ್ರ. ಆದರೆ ಬೈಕ್ ನಿಜವಾಗಿ ಓಡುತ್ತಿರುವುದು ಆ ಚಕ್ರದ ದಿಕ್ಕಿನಲ್ಲೇ.

ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಭಯಕ್ಕೆ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ಜಾರುತ್ತಿದ್ದ ಹಿಂದಿನ ಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಗುತ್ತದೆ, ಅಡ್ಡಲಾಗಿದ್ದ ಬೈಕ್ ಝಾಡಿಸಿ ಎದ್ದು ಸವಾರನನ್ನು ಆಚೆಗೆ ಎಸೆಯುತ್ತದೆ.

ಎಂಜಿನ್ನಿಗೆ ಕುಡಿಸುವುದು ಪೆಟ್ರೋಲಲ್ಲ, ಮೆಥನಾಲ್. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಮೂರು ಪಟ್ಟು ಶಾಖ ಹೀರಿ ಒಳಗನ್ನು ತಂಪಾಗಿಡುತ್ತದೆ. ಹಾಗಾಗಿ ಸಿಲಿಂಡರಿನೊಳಗೆ ಜಾಸ್ತಿ ಒತ್ತಡ ಕೊಟ್ಟು ಹೆಚ್ಚು ಶಕ್ತಿ ತೆಗೆಯಬಹುದು. ಕ್ರೇವನ್ ಕಾಲದಲ್ಲಿ ಲಂಡನ್ನಿನ ಜೆ.ಎ.ಪಿ. ಎಂಜಿನ್‌ಗಳದ್ದೇ ದರಬಾರು.

ಅಂದರೆ ಯಂತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ಮೇಲೆ ಕೂತವನಲ್ಲಿ. ಕ್ರೇವನ್ ಕುಳ್ಳ, ಹಗುರ. ಇದರಿಂದ ಲಾಭ ಇದೆ: 80 ಕಿಲೋ ಬೈಕಿನ ಮೇಲೆ 80 ಕಿಲೋ ಮನುಷ್ಯನ ಬದಲು 60 ಕಿಲೋದವನು ಕೂತರೆ ಎಂಜಿನ್ ಎಳೆಯಬೇಕಾದ ಭಾರ ಎಂಟರಲ್ಲಿ ಒಂದು ಪಾಲು ಕಡಿಮೆ. ಆದರೆ ನಷ್ಟವೂ ಇದೆ. ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುವ ತೂಕ ಕಡಿಮೆ, ಮೈ ವಾಲಿಸಿ ಬೈಕನ್ನು ಬಗ್ಗಿಸುವ ಬಲವೂ ಕಡಿಮೆ. ಹಗುರ ಸವಾರ ಅದನ್ನು ಚುರುಕುತನದಿಂದ ತುಂಬಿಕೊಳ್ಳಬೇಕು: ಚಕ್ರ ಜಾರಿದರೆ ಮೈ ಹಿಂದಕ್ಕೆ, ಹಿಡಿತ ಸಿಕ್ಕರೆ ಮುಂದಕ್ಕೆ, ಉಕ್ಕಿನ ಅಟ್ಟೆ ಹಾಕಿದ ಎಡಗಾಲು ನೆಲಕ್ಕೆ ಸವರುತ್ತಿರಬೇಕು. ಕ್ರೇವನ್‌ನನ್ನು ಜನ ಸಮತೋಲದ ಮಾಂತ್ರಿಕ ಎಂದು ಕರೆದದ್ದು ಉತ್ಪ್ರೇಕ್ಷೆ ಅಂತ ನನಗನಿಸುವುದಿಲ್ಲ.

ಲಿವರ್‌ಪೂಲ್ ತಂಡದಲ್ಲಿ ಶುರು ಮಾಡಿದವನು 1952ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡಕ್ಕೆ ಬಂದ. ಬೆಲ್ ವ್ಯೂ ಅಂದರೆ ಮೃಗಾಲಯವೂ ಇದ್ದ ದೊಡ್ಡ ಮನರಂಜನಾ ತಾಣ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಜೆ.ಎ.ಪಿ.! 1955ರಲ್ಲಿ, 21ನೇ ವಯಸ್ಸಿಗೆ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ ಸ್ವೀಡನ್ನಿನ ಓವೆ ಫುಂಡಿನ್, ನ್ಯೂಜಿಲೆಂಡಿನ ರೋನಿ ಮೂರ್ ಮತ್ತು ಬ್ಯಾರಿ ಬ್ರಿಗ್ಸ್ ಪ್ರಶಸ್ತಿಯನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. 1960ರಲ್ಲಂತೂ ಮೂರ್, ಫುಂಡಿನ್, ಕ್ರೇವನ್ ಮೂವರಿಗೂ ಎಲ್ಲ ರೇಸು ಸೇರಿ ತಲಾ 14 ಅಂಕ ಬಂದು, ಮರು ಓಟದಲ್ಲಿ ಕ್ರೇವನ್ ಮೂರನೆಯವನಾದ. 1962ರಲ್ಲಿ ವೆಂಬ್ಲಿಯಲ್ಲೇ ಮತ್ತೆ ಗೆದ್ದ. ಎರಡು ಸಲ ವಿಶ್ವ ಪ್ರಶಸ್ತಿ ಗೆದ್ದ ಇನ್ನೊಬ್ಬ ಇಂಗ್ಲಿಷ್ ಸವಾರ ಬರಲು 2015ರವರೆಗೆ, ಟಾಯ್ ವಾಫಿಂಡೆನ್‌ವರೆಗೆ, ಕಾಯಬೇಕಾಯಿತು.

1963ರ ಸೆಪ್ಟೆಂಬರ್ 20ರಂದು ಎಡಿನ್‌ಬರೋದ ಮೆಡೋಬ್ಯಾಂಕ್‌ನಲ್ಲಿ ಎದುರಿಗೆ ಬಿದ್ದ ಸವಾರನನ್ನು ತಪ್ಪಿಸಲು ಕ್ರೇವನ್ ಬೈಕ್ ತಿರುಗಿಸಿದ. ಬ್ರೇಕಿಲ್ಲದ ಬೈಕಿನಲ್ಲಿ ಅಷ್ಟು ಹತ್ತಿರದಿಂದ ಮಾಡಲಾಗುವುದು ಅದೊಂದೇ. ಆ ಅಪಘಾತದಲ್ಲಿ ಆದ ಗಾಯಗಳಿಂದ ನಾಲ್ಕು ದಿನಗಳ ನಂತರ ತೀರಿಕೊಂಡ. ಆಗ 29 ವರ್ಷ.

ಇವತ್ತಿಗೂ ಸ್ಪೀಡ್‌ವೇ ಬೈಕಿಗೆ ಬ್ರೇಕ್ ಬಂದಿಲ್ಲ. ಬದಲಾದದ್ದು ಟ್ರ್ಯಾಕಿನ ಸುತ್ತಲಿನ ಬೇಲಿ. ದೊಡ್ಡ ಟ್ರ್ಯಾಕ್‌ಗಳ ತಿರುವಿನಲ್ಲಿ ಈಗ ಗಾಳಿ ತುಂಬಿದ ತಡೆಗೋಡೆ ಇರುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದವನನ್ನು ಗಟ್ಟಿ ಬೇಲಿ 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಮೈಮೇಲೆ ಬೀಳುವ ಬಲ ಅವನ ತೂಕದ ನೂರು ಪಟ್ಟು ದಾಟುತ್ತದೆ. ಗಾಳಿ ಗೋಡೆ ಒಂದು ಮೀಟರ್ ಒಳಕ್ಕೆ ತಗ್ಗಿ ನಿಲ್ಲಿಸಿದರೆ ಸುಮಾರು 11 ಪಟ್ಟು.